ಒಂದು ಬಕೆಟ್ಟು ಬೆಚ್ಚನೆಯ ಚರಟ

ಬಕೆಟ್ಟಿನ ಹಿಡಿಕೆ ಕಿರ್ರೆಂದರೆ ಮಾನ್‌ಗಿಲ್‌ಗೆ ಬೆಳಗಾಯಿತೆಂದು ಅರ್ಥ. ಕೋಳಿ ಕೂಗಿದ್ದು ಲೆಕ್ಕಕ್ಕಿಲ್ಲ. ಅದು ಊರಿಗೆಲ್ಲ ಕೂಗುವ ಕೋಳಿ. ಬಕೆಟ್ಟಿನ ಸದ್ದು ಮಾತ್ರ ಅವನ ಮನೆಗೆಂದೇ ಬರುವಂಥದ್ದು. ಅದು ಮಣ್ಣಿನ ಗೋಡೆಯುದ್ದಕ್ಕೂ ಹತ್ತಿರ ಹತ್ತಿರವಾಗಿ, ಬೇಲಿ ಬಾಗಿಲ ಬಳಿ ಒಂದು ಗಳಿಗೆ ನಿಂತು, ಆಮೇಲೆ "ಹಸು ಎದ್ದಿದೆಯಾ?" ಎಂಬ ಮಾತಾಗುತ್ತಿತ್ತು.

ಕೇಳುವವಳು ಹಾದೊಂಗಿನವಳು. ದಕ್ಷಿಣದ ಹಾದೊಂಗ್ ಅವಳ ತವರು. ಈ ಗುಡ್ಡದೂರಿಗೆ ಸೊಸೆಯಾಗಿ ಬಂದು ಮೂವತ್ತು ವರ್ಷದ ಮೇಲಾಗಿತ್ತು, ಗಂಡನನ್ನು ಇದೇ ಗುಡ್ಡದಲ್ಲಿ ಮಣ್ಣು ಮಾಡಿಯಾಗಿತ್ತು, ಆದರೂ ಊರಿನ ಬಾಯಲ್ಲಿ ಅವಳು ಇನ್ನೂ ಹಾದೊಂಗಿನವಳೇ. ಸೋಯಾ ಕಾಳು ನೆನೆಸಿ, ಬೀಸಿ, ಹಾಲು ಹಿಂಡಿ, ದುಬು ಎಂಬ ಸೋಯಾ ಗಿಣ್ಣು ಕಟ್ಟಿ ಮಾರುವುದು ಅವಳ ಕಸುಬು. ಹಾಲು ಹಿಂಡಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಚರಟವನ್ನು ಆವಿ ಆಡುತ್ತಿರುವಾಗಲೇ ಬಕೆಟ್ಟಿಗೆ ಸುರಿದು ಮಾನ್‌ಗಿಲ್‌ನ ಹಸುವಿಗೆ ತಂದುಕೊಡುತ್ತಿದ್ದಳು.

"ಎದ್ದಿದೆ. ನಿಮ್ಮ ದಾರೀನೇ ನೋಡ್ತಿದೆ" ಎನ್ನುತ್ತಿದ್ದ ಮಾನ್‌ಗಿಲ್.

ಹಸುವಿನ ಹೆಸರು ಮುಂದಿಟ್ಟು ತನ್ನ ಮಾತನ್ನೇ ಆಡುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು. ಅವಳು ಗೋದಲಿಗೆ ಚರಟ ಸುರಿದು, ಹಸು ಮೂಗಿನವರೆಗೆ ಅದರಲ್ಲಿ ಮುಳುಗಿ ತಿನ್ನುವುದನ್ನು ಸ್ವಲ್ಪ ಹೊತ್ತು ನೋಡಿ, ಅದರ ಹಣೆ ತುರಿಸಿ, ಚಳಿಯ ಬಗ್ಗೆಯೋ ಕಾಳಿನ ಬಗ್ಗೆಯೋ ಒಂದೆರಡು ಮಾತಾಡಿ, ಖಾಲಿ ಬಕೆಟ್ಟು ಹಿಡಿದು ಹೊರಟುಹೋಗುತ್ತಿದ್ದಳು. ಮಾರನೆಯ ಬೆಳಗಿನ ತನಕ ಮಾನ್‌ಗಿಲ್‌ನ ಕಿವಿಗೆ ಬೀಳುವ ಮಾತು ಹೆಚ್ಚೂಕಡಿಮೆ ಅಷ್ಟೇ.

ಅವನು ಮುಳುಗಡೆಯವನು. ಎರಡು ಕಣಿವೆ ಆಚೆ ಅಣೆಕಟ್ಟು ಕಟ್ಟಿದಾಗ ಅವನೂರು ನೀರಿನಡಿ ಹೋಯಿತು. ಒಂದೊಂದು ಮನೆಯವರು ಒಂದೊಂದು ದಿಕ್ಕಿಗೆ ಹೋದರು. ಬಹುಪಾಲು ಜನ ಪೇಟೆ ಸೇರಿದರು. ಮಾನ್‌ಗಿಲ್ ಮತ್ತು ಅವನ ಹೆಂಡತಿ ಹಸು ಇದ್ದುದರಿಂದ ಪೇಟೆಗೆ ಹೋಗಲಾರದೆ ಇಲ್ಲಿಗೆ ಬಂದರು. ಮಕ್ಕಳಿರಲಿಲ್ಲ. ಬಂದ ಎರಡನೆಯ ಚಳಿಗಾಲದಲ್ಲಿ ಹೆಂಡತಿ ಎದೆಕಟ್ಟಿ ತೀರಿಕೊಂಡಳು. ಈ ಊರಿನಲ್ಲಿ ಮನೆಗಳೆಲ್ಲ ಗೂ ಮನೆತನದವು, ಗೋರಿಗಳೆಲ್ಲ ಗೂ ಮನೆತನದವು. ಸುಗ್ಗಿಯ ಹುಣ್ಣಿಮೆಯಂದು ಊರಿಗೂರೇ ಒಂದೇ ಅಜ್ಜನ ಗೋರಿಗೆ ನಮಸ್ಕರಿಸಲು ಹತ್ತುವಾಗ, ಅವನೊಬ್ಬನೇ ಗುಡ್ಡದ ಅಂಚಿನಲ್ಲಿದ್ದ ಹೆಂಡತಿಯ ಗೋರಿಯ ಹುಲ್ಲು ಕೊಯ್ದು ಇಳಿದು ಬರುತ್ತಿದ್ದ.

ಊರಿನವರು ಕೆಟ್ಟವರಲ್ಲ. ಹೊರಗಿನವನನ್ನು ಊಟಕ್ಕೆ ಕರೆಯಲು ಅವರಿಗೊಂದು ಸಂಕೋಚ, ಹೋಗಿ ಕೂರಲು ಅವನಿಗೊಂದು ಸಂಕೋಚ. ಹಸುವಿನ ವಿಷಯದಲ್ಲಿ ಈ ಸಂಕೋಚವಿರಲಿಲ್ಲ. "ಹಸೂಗೆ ಇರ್ಲಿ" ಎಂದು ಗೆಣಸಿನ ಬಳ್ಳಿ ಬೇಲಿಯ ಮೇಲೆ ಎಸೆದು ಹೋಗುತ್ತಿದ್ದರು. ಅಕ್ಕಿಹೆಂಡ ಸೋಸಿದ ಮಡ್ಡಿ, ಸೀಬೆಹಣ್ಣಿನ ಸಿಪ್ಪೆ, ಹಬ್ಬದ ಮರುದಿನದ ಅನ್ನ, ಎಲ್ಲವೂ ಹಸುವಿನ ಹೆಸರಿನಲ್ಲಿ ಬರುತ್ತಿದ್ದವು. ಆ ಬುಟ್ಟಿಗಳ ತಳದಲ್ಲಿ ಒಮ್ಮೊಮ್ಮೆ ಎಲೆಯಲ್ಲಿ ಸುತ್ತಿದ ಒಣಮೀನೋ, ಒಂದು ಹಿಡಿ ಬೆಳ್ಳುಳ್ಳಿಯೋ ಇರುತ್ತಿತ್ತು. ಹಸು ಒಣಮೀನು ತಿನ್ನುವುದಿಲ್ಲವೆಂದು ಕೊಟ್ಟವರಿಗೂ ಗೊತ್ತು, ತೆಗೆದುಕೊಂಡವನಿಗೂ ಗೊತ್ತು. ಮಾನ ಉಳಿಸಿ ಕೊಡುವ ಕೊಡುಗೆ ಅದು. ಮಾನ್‌ಗಿಲ್ ಯಾವುದನ್ನೂ ಬೇಡ ಎಂದವನಲ್ಲ. ಹೀಗೆ ಹಸು ಊರಿನ ಪ್ರೀತಿಯನ್ನೆಲ್ಲ ತಿಂದು ಮದುವೆಮನೆಯ ಬೀಗಿತ್ತಿಯಂತೆ ಮೈತುಂಬಿಕೊಂಡು ನಿಂತಿತ್ತು.

ಅದರ ಹೆಸರು ನುರೊಂಗಿ. ಮಾಗಿದ ಭತ್ತದ ಬಣ್ಣದ್ದು. ನೀರು ಏರುವ ಮುಂಚಿನ ವಸಂತದಲ್ಲಿ ಹಳೆಯ ಕೊಟ್ಟಿಗೆಯಲ್ಲೇ ಹುಟ್ಟಿದ ಕರು. ಅದರ ತಾಯಿ, ತಾಯಿಯ ತಾಯಿ, ಅದರ ಹಿಂದಿನವಳು ಎಲ್ಲರೂ ಮಾನ್‌ಗಿಲ್‌ನ ಅಪ್ಪ ಅಜ್ಜಂದಿರ ಗದ್ದೆ ಉತ್ತವರು. ಈಗ ಆ ಗದ್ದೆಗಳೂ ಇಲ್ಲ, ಉಳುವ ಕೆಲಸವನ್ನು ಯಂತ್ರಗಳು ಹಿಡಿದಿವೆ. ಹಸುವನ್ನು ಸಾಕುವುದೇ ಮಾಂಸಕ್ಕೆ ಕೊಡುವ ಕರುಗಳಿಗಾಗಿ. ಮಾನ್‌ಗಿಲ್ ನುರೊಂಗಿಯ ಹೋರಿಗರುಗಳನ್ನೆಲ್ಲ ಸಂತೆಗೆ ಹೊಡೆದು ಮಾರಿ ಬದುಕಿದ್ದ. ಅದರ ಬಗ್ಗೆ ಅವನಿಗೆ ಅಳುಕಿರಲಿಲ್ಲ, ಅದು ಕಸುಬು. ಆದರೆ ಇಲ್ಲಿಗೆ ಬಂದಮೇಲೆ ನುರೊಂಗಿ ಒಂದಾದರೂ ಹೆಣ್ಣುಗರು ಹಾಕಿರಲಿಲ್ಲ. ಈಗ ಎರಡು ವರ್ಷದಿಂದ ಯಾವ ಕರುವೂ ಇಲ್ಲ. ಬೆದೆಗೆ ಬರುವುದು, ಹೋರಿಯ ಬೀಜದ ಸೂಜಿ ಹಾಕಿಸುವುದು, ಆಸೆಯಿಂದ ಕಾಯುವುದು, ಮತ್ತೆ ಬೆದೆಗೆ ಬರುವುದು. ಸಂತೆಯ ದಲ್ಲಾಳಿ ಎರಡು ಸಲ ಬಂದು ಅದರ ಬೆನ್ನು ತಟ್ಟಿ ನೋಡಿ, ಗೊಡ್ಡು ಹಸುವನ್ನು ಯಾಕಪ್ಪಾ ಸಾಕ್ತೀಯ, ಈ ಕೊಬ್ಬಿಗೆ ಒಳ್ಳೇ ರೇಟು ಬರುತ್ತೆ ಎಂದು ಹೋಗಿದ್ದ. ಬಾರ್ಲಿ ಕೊಯ್ಲಿನವರೆಗೆ ನೋಡುತ್ತೇನೆ ಎಂದು ಮಾನ್‌ಗಿಲ್ ಮಾತು ಕೊಟ್ಟಿದ್ದ. ಕರು ಇಲ್ಲದೆ ಇನ್ನೊಂದು ವರ್ಷ ನೂಕುವುದು ಅವನಿಂದಲೂ ಆಗುತ್ತಿರಲಿಲ್ಲ. ನುರೊಂಗಿ ಹೋದರೆ ಮುಳುಗಿದ ಊರಿನದೆಂದು ಇಲ್ಲಿ ಉಸಿರಾಡುವುದು ಅವನೊಬ್ಬನೇ.

ಚಳಿಗಾಲದ ನಡುವೆ ನಾಮ್‌ಗುಂಗ್ ಬಂದ. ಮೋಟಾರ್ ಸೈಕಲ್ಲಿನ ಹಿಂದೆ ಹೊಗೆಯಾಡುವ ತಣ್ಣನೆಯ ಡಬ್ಬಿ ಕಟ್ಟಿಕೊಂಡು ಕಣಿವೆಯ ಊರೂರಿಗೆ ಹಸುಗಳಿಗೆ ಸೂಜಿ ಹಾಕಲು ಹೋಗುವವನು. ಮಾನ್‌ಗಿಲ್‌ನ ಅರ್ಧ ವಯಸ್ಸಿನವನು, ಮೆಲುಮಾತಿನವನು. ಈ ಸಲ ಡಬ್ಬಿ ತೆರೆಯಲಿಲ್ಲ. ಹಸುವಿನ ಪಕ್ಕೆಯ ಮೇಲೆ ಅಂಗೈ ಊರಿ, ಬಾಲದ ಬುಡ ಹಿಸುಕಿ, ಗೋದಲಿಯಲ್ಲಿ ಉಳಿದಿದ್ದ ಚರಟವನ್ನು ಬೆರಳಲ್ಲಿ ತೆಗೆದು ಮೂಸಿದ.

"ಪಕ್ಕೆಲುಬು ಹುಡುಕೋಕೆ ದೀಪ ಹಚ್ಚಬೇಕು" ಎಂದ. "ಹೋದ ಸಲ ಸೂಜಿ ಹಾಕಿದ್ಮೇಲೆ ಯಾವಾಗ ಬೆದೆಗೆ ಬಂತು? ಮೂರು ವಾರಕ್ಕಾ?"

ಇಲ್ಲ, ಅದಕ್ಕಿಂತ ತಡವಾಗಿ, ಒಂದು ತಿಂಗಳು ಕಳೆದ ಮೇಲೆ ಎಂದು ಮಾನ್‌ಗಿಲ್ ನೆನಪು ಮಾಡಿಕೊಂಡ. ಅದರ ಹಿಂದಿನ ಸಲವೂ ಹಾಗೆಯೇ.

"ಹಂಗಾದ್ರೆ ಗಬ್ಬ ನಿಂತಿತ್ತು ಯಜಮಾನ್ರೇ. ನಿಂತಿದ್ದು ಉಳೀಲಿಲ್ಲ."

ಮಾನ್‌ಗಿಲ್ ಕೊಟ್ಟಿಗೆಯ ಸುತ್ತ ನೋಡಿದ. ಎರಡು ಸಲ ಈ ಕೊಟ್ಟಿಗೆಯಲ್ಲಿ ತನಗೆ ಗೊತ್ತಿಲ್ಲದಂತೆ ಇನ್ನೊಂದು ಜೀವ ಇತ್ತು. ತಾನು ಹುಲ್ಲು ಹಾಕುತ್ತ, ಸಗಣಿ ಬಾಚುತ್ತ, ಒಬ್ಬನೇ ಇದ್ದೇನೆಂದುಕೊಂಡ ಆ ದಿನಗಳಲ್ಲಿ ಅದು ಇತ್ತು. ಬಂದಷ್ಟೇ ಸದ್ದಿಲ್ಲದೆ ಹೋಗಿಬಿಟ್ಟಿತ್ತು.

ನಾಮ್‌ಗುಂಗ್ ಬಾರ್ಲಿ ಚಹದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತ ಬಿಡಿಸಿ ಹೇಳಿದ. ಮೊದಮೊದಲ ವಾರಗಳಲ್ಲಿ ಒಳಗಿರುವುದಕ್ಕೆ ಹೊಕ್ಕುಳಬಳ್ಳಿ ಇರುವುದಿಲ್ಲ, ಅದು ಎಲ್ಲಿಗೂ ಅಂಟಿಕೊಂಡಿರುವುದಿಲ್ಲ. ಗರ್ಭದ ಗೋಡೆ ಜಿನುಗಿಸುವ ರಸದಲ್ಲಿ ತೇಲುತ್ತ ಅದನ್ನೇ ಕುಡಿದು ಬೆಳೆಯುತ್ತದೆ. ತಾಯಿ ತಿಂದದ್ದರ ಗುಣ ಆ ರಸಕ್ಕೆ ಇಳಿಯುತ್ತದೆ. ಕಾಳಿನ ಸತ್ವ ವಿಪರೀತವಾದರೆ ಅದು ರಕ್ತದಲ್ಲಿ ಖಾರವಾಗಿ ಉಳಿದು, ಆ ಎಳೆಯದಕ್ಕೆ ಸಹಿಸಲಾಗುವುದಿಲ್ಲ. ಮೈಯಲ್ಲಿ ಕೊಬ್ಬು ತುಂಬಿದ್ದರೂ ಕಷ್ಟ. ಹಾಗೆಂದು ಉಪವಾಸ ಕೆಡವಿದರೂ ಕಷ್ಟ. ಸೂಜಿ ಹಾಕಿಸಿದ ಮೇಲೆ ಮೇವು ಥಟ್ಟನೆ ಕಡಿಮೆಯಾದರೆ ತಾಯಿಯ ಮೈ ತನ್ನನ್ನು ಉಳಿಸಿಕೊಳ್ಳಲು ಅದನ್ನು ಬಿಟ್ಟುಕೊಡುತ್ತದೆ.

"ಈಗಿಂದ ಸ್ವಲ್ಪ ಸ್ವಲ್ಪನೇ ಇಳಿಸಿ. ಹುಲ್ಲು ಹಾಕಿ, ದಿನಾ ನಡೆಸಿ. ಚರಟ ಒಂದು ಬೊಗಸೆ ಸಾಕು. ವಸಂತಕ್ಕೆ ಸೂಜಿ ಹಾಕೋಣ. ಆಮೇಲೆ ಎರಡು ತಿಂಗಳು ಒಂದೇ ಸಮ. ಇವತ್ತು ಹಬ್ಬ, ನಾಳೆ ಉಪವಾಸ ಅಂತ ಮಾಡಬೇಡಿ" ಎಂದ. ಹೊರಡುವಾಗ ತಿರುಗಿ, "ದಿನಕ್ಕೊಂದು ಬಕೆಟ್ಟು ಚರಟ ಯಾರು ಕೊಡ್ತಾರೆ ನಿಮಗೆ? ಪುಣ್ಯವಂತರು" ಎಂದು ನಕ್ಕ.

ಮಾನ್‌ಗಿಲ್‌ಗೆ ನಗು ಬರಲಿಲ್ಲ.

ಉಳಿದವರನ್ನು ನಿಭಾಯಿಸುವುದು ಕಷ್ಟವಾಗಲಿಲ್ಲ. ಹಸುವಿನ ಹೊಟ್ಟೆ ಸರಿಯಿಲ್ಲ ಎಂದರೆ ಸಾಕಿತ್ತು, ಗೆಣಸಿನ ಬಳ್ಳಿ ಬೇರೆ ಬೇಲಿಗೆ ಹೋಯಿತು. ಹಾದೊಂಗಿನವಳಿಗೆ ಏನು ಹೇಳುವುದು? ನಿಮ್ಮ ಚರಟವೇ ಎರಡು ಕರು ತೆಗೆಯಿತು ಎನ್ನುವುದೇ? ಆ ಮಾತು ಬಾಯಿಗೆ ಬರುವಂಥದ್ದಲ್ಲ. ಇನ್ನೊಂದು ಕಾರಣವೂ ಇತ್ತು, ಅದನ್ನು ಅವನು ತನಗೂ ಜೋರಾಗಿ ಹೇಳಿಕೊಳ್ಳುತ್ತಿರಲಿಲ್ಲ. ಬೇಡ ಎಂದರೆ ಬಕೆಟ್ಟು ನಿಲ್ಲುತ್ತದೆ. ಬಕೆಟ್ಟು ನಿಂತರೆ, ಗೂ ಮನೆತನದ ವಿಧವೆ ಬೆಳಗಾಗೆದ್ದು ಒಂಟಿ ಗಂಡಸಿನ ಬೇಲಿ ಬಾಗಿಲಿಗೆ ಬರಲು ಯಾವ ನೆಪವೂ ಉಳಿಯುವುದಿಲ್ಲ.

ಹಾಗಾಗಿ ಅವನು ಏನೂ ಹೇಳಲಿಲ್ಲ. ಗೋದಲಿ ಇನ್ನೂ ತೊಳೆದಿಲ್ಲ, ಬಕೆಟ್ಟು ಇಟ್ಟುಹೋಗಿ, ಮಧ್ಯಾಹ್ನ ಗೋಡೆ ಮೇಲೆ ಇಟ್ಟಿರುತ್ತೇನೆ ಎಂದು ಹೊಸ ಕ್ರಮ ಮಾಡಿದ. ಅವಳು ಹೋದ ಮೇಲೆ ಹಸುವಿಗೆ ಮೊದಮೊದಲು ಅರ್ಧ, ಆಮೇಲೆ ಕಾಲು, ಕೊನೆಗೆ ಒಂದು ಬೊಗಸೆ ಹಾಕಿ, ಉಳಿದದ್ದರಲ್ಲಿ ತನಗೆ ಸಾರು ಕಾಯಿಸಿಕೊಂಡ. ಬೆಳಿಗ್ಗೆ ಚರಟದ ಸಾರು, ಸಂಜೆ ಚರಟದ ಸಾರು. ಒಬ್ಬ ಮನುಷ್ಯ ಎಷ್ಟು ತಿಂದಾನು? ಮಿಕ್ಕಿದ್ದನ್ನು ಕೊಟ್ಟಿಗೆಯ ಹಿಂದಿನ ತಿಪ್ಪೆಯಲ್ಲಿ ಹೂತು ಮೇಲೆ ಹುಲ್ಲು ಮುಚ್ಚಿದ. ಹೂಳುವಾಗ ಪ್ರತಿ ದಿನವೂ ಕೈ ಹಿಂಜರಿಯುತ್ತಿತ್ತು. ಹಸಿವಿನ ಕಾಲ ಕಂಡವನು ಅವನು. ಚಿಕ್ಕಂದಿನಲ್ಲಿ ಇದೇ ಚರಟಕ್ಕೆ ಸರದಿ ನಿಂತವನು.

ವರ್ಷದ ಮೊದಲ ಹುಣ್ಣಿಮೆ ಬಂತು. ಆ ದಿನ ಊರಿನ ಹಸುಗಳ ಮುಂದೆ ಮೊರದಲ್ಲಿ ಒಂದು ಕಡೆ ಅನ್ನ, ಒಂದು ಕಡೆ ಒಣಸೊಪ್ಪಿನ ಪಲ್ಯ ಇಟ್ಟು, ಯಾವುದಕ್ಕೆ ಮೊದಲು ಬಾಯಿ ಹಾಕುತ್ತದೆಂದು ನೋಡುತ್ತಾರೆ. ಅನ್ನವಾದರೆ ಭತ್ತದ ವರ್ಷ, ಸೊಪ್ಪಾದರೆ ಹೊಲದ ವರ್ಷ. ಮುಳುಗಡೆಯವನ ಹಸುವಿನ ಭವಿಷ್ಯ ಈ ಊರಿನ ಗದ್ದೆಗೆ ಹತ್ತುವುದಿಲ್ಲವೆಂದು ಇಷ್ಟು ವರ್ಷ ಯಾರೂ ಅವನ ಮನೆಗೆ ಮೊರ ತಂದಿರಲಿಲ್ಲ. ಈ ಸಲ ಆಚೆಮನೆಯ ಗೂ ಜೊಂಗ್‌ತೇ ಮೊರ ಹಿಡಿದು ಬಂದ, ಹಿಂದೆ ನಾಲ್ಕು ಜನ. ಜೊಂಗ್‌ತೇಯ ನಾಲಿಗೆ ಚೂಪು, ಕೈ ಮೃದು. ಮಾನ್‌ಗಿಲ್‌ಗೆ ಜ್ವರ ಬಂದ ವಾರ ಕೇಳದೆಯೇ ಬಂದು ಹುಲ್ಲು ಕತ್ತರಿಸಿ ಒಟ್ಟಿ ಹೋಗಿದ್ದವನು ಅವನೇ.

ಮೊರ ಇಟ್ಟದ್ದೇ ತಡ, ನುರೊಂಗಿ ಅನ್ನ ಸೊಪ್ಪು ಎರಡನ್ನೂ ಒಂದೇ ನಾಲಿಗೆಯಲ್ಲಿ ಬಾಚಿ, ಮೊರದ ಅಂಚನ್ನೂ ಕಚ್ಚಿತು.

"ನೋಡ್ರಪ್ಪಾ, ಈ ವರ್ಷ ಮೊರದ ಬೆಳೆ ಚೆನ್ನಾಗಿ ಬರುತ್ತೆ" ಎಂದ ಜೊಂಗ್‌ತೇ. ಎಲ್ಲರೂ ನಕ್ಕರು. ಅವನು ಹಸುವಿನ ಮೈ ಸವರಿ, "ಏನೇ ಅನ್ನಿ, ಹಾದೊಂಗಿನವಳ ಹಂದಿಯ ಪಕ್ಕೆಲುಬು ಬೀದಿಯಿಂದಲೇ ಎಣಿಸಬಹುದು, ಮುಳುಗಡೆಯವನ ಹಸೂಗೆ ಪಕ್ಕೆಲುಬು ಇದೆಯೋ ಇಲ್ವೋ ದೇವರಿಗೇ ಗೊತ್ತು" ಎಂದ.

ಮತ್ತೆ ನಗು. ಹಸು ದಪ್ಪಗಿದೆಯೆಂಬ ಹಳೆಯ ತಮಾಷೆ ಎಂದುಕೊಂಡು ಮಾನ್‌ಗಿಲ್ ಕೂಡ ನಕ್ಕ. ಆ ಹುಣ್ಣಿಮೆಯಂದು ಅವನ ಅಂಗಳದಲ್ಲಿ ಐದು ಜನ ನಿಂತಿದ್ದರು. ಅವರು ಹೋದ ಮೇಲೆ, ಹೆಜ್ಜೆ ಗುರುತು ಇರಲಿ ಎಂದು ಅವನು ಆ ದಿನ ಅಂಗಳ ಗುಡಿಸಲಿಲ್ಲ.

ಹಿಮ ಕರಗಿತು. ನುರೊಂಗಿಯ ಪಕ್ಕೆಯ ಮೇಲೆ ಅಂಗೈ ಊರಿದರೆ ಎಲುಬಿನ ಏರಿಳಿತ ಸಿಗತೊಡಗಿತು. ಆದರೆ ಬಿಸಿಲಿಗೆ ತಿಪ್ಪೆಯೂ ಬೆಚ್ಚಗಾಗಿ ಹುಳಿ ವಾಸನೆ ಎದ್ದಿತು. ನೀಲಿ ರೆಕ್ಕೆಯ ಗಲಾಟೆ ಹಕ್ಕಿಗಳು ಹಿಂಡಾಗಿ ಬಂದು ಮುಚ್ಚಿದ ಹುಲ್ಲನ್ನು ಕೆದರತೊಡಗಿದವು. ಒಂದು ಬೆಳಿಗ್ಗೆ ಮಾನ್‌ಗಿಲ್ ಹಳ್ಳದಲ್ಲಿ ನೀರು ತರಲು ಹೋಗಿದ್ದಾಗ ಹಾದೊಂಗಿನವಳು ಬಂದಳು. ಅಂಗಳದಲ್ಲಿ ಯಾರೂ ಕಾಣದೆ, ಕೊಟ್ಟಿಗೆಯ ಹಿಂದೆ ಹಕ್ಕಿಗಳ ಗದ್ದಲ ಕೇಳಿ, ಅಲ್ಲಿದ್ದಾನೇನೋ ಎಂದು ಹೋಗಿ ನೋಡಿದಳು.

ಮಾನ್‌ಗಿಲ್ ನೀರು ಹೊತ್ತು ಬಂದಾಗ ಅವಳು ತಿಪ್ಪೆಯ ಮುಂದೆ ನಿಂತಿದ್ದಳು. ಕೆದರಿದ ಹುಲ್ಲಿನ ನಡುವೆ ಚರಟ ಬೆಳ್ಳಗೆ ಹರಡಿತ್ತು, ಹೊಸದು, ಹಳೆಯದು, ಪದರ ಪದರವಾಗಿ. ಕೋಳಿ ಕೂಗುವ ಮುಂಚೆ ಎದ್ದು ಬೀಸುಕಲ್ಲು ತಿರುಗಿಸಿ ತಿರುಗಿಸಿ ಗಂಟು ಕಟ್ಟಿದ್ದ ಬೆರಳುಗಳಿಂದ ಅವಳು ಬಟ್ಟೆಯ ಮೇಲೆ ಸೊಂಟಕ್ಕೆ ಕಟ್ಟಿದ್ದ ಮುಂಗವಸನ್ನು ಹಿಂಡುತ್ತಿದ್ದಳು. ಅವನು ನೀರಿನ ಕೊಡ ಇಳಿಸಿದ. ಅವಳು ತುಂಬಿದ ಬಕೆಟ್ಟನ್ನು ಅಲ್ಲೇ, ಅವನ ಕಾಲ ಬಳಿ, ಚೆಲ್ಲದಂತೆ ಜೋಪಾನವಾಗಿ ಇಟ್ಟು ಹೋದಳು.

ಮಾರನೆಯ ದಿನ ಹಿಡಿಕೆಯ ಸದ್ದು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಕೋಳಿ ಕೂಗಿತು, ಊರಿಗೆಲ್ಲ ಕೂಗುವಂತೆ.

ಹೋಗಿ ನಿಜ ಹೇಳಿಬಿಡಬೇಕೆಂದು ಅವನು ಎಷ್ಟೋ ಸಲ ಬೇಲಿಯವರೆಗೆ ಹೋದ. ಅಷ್ಟರಲ್ಲಿ ಚೆರ್ರಿ ಹೂ ಬಿಡುವ ಹೊತ್ತಿಗೆ ನುರೊಂಗಿ ಬೆದೆಗೆ ಬಂತು. ನಾಮ್‌ಗುಂಗ್ ಬಂದು ಪಕ್ಕೆ ತಡವಿ ಮೆಚ್ಚಿ ತಲೆಯಾಡಿಸಿ, ಸೂಜಿ ಹಾಕಿ ಹೋದ. ಆಮೇಲೆ ಹೇಳುವಂತೆಯೇ ಇರಲಿಲ್ಲ. ಹೊಟ್ಟೆಯ ಮಾತು ಗಟ್ಟಿಯಾಗುವ ತನಕ ತುಟಿ ದಾಟಬಾರದು, ಆಡಿದ ಮಾತಿನ ಜೊತೆ ಅದೂ ಹೊರಟುಹೋಗುತ್ತದೆ ಎಂದು ಅವನ ಹೆಂಡತಿ ಹೇಳುತ್ತಿದ್ದಳು. ನಾಲ್ಕು ಸಲ ಬಸುರಾಗಿ ಕೈಗೆ ಮಗು ಬಾರದವಳು. ಆಗ ಅವನು ಆ ಮಾತನ್ನು ನಂಬಿರಲಿಲ್ಲ. ಈಗ ಮೀರುವ ಧೈರ್ಯವಿರಲಿಲ್ಲ.

ಹೀಗೆ ಅವನು ಒಬ್ಬನೇ ಕಾಯಲು ಕೂತ. ದಿನವೂ ಅದೇ ಹೊತ್ತು, ಅದೇ ಅಳತೆ. ಕಬ್ಬಿಣದ ಹಂಡೆಯಲ್ಲಿ ಹುಲ್ಲು, ಕಾಳಿನ ಹೊಟ್ಟು ಬೇಯಿಸಿ, ಚರಟವಿದ್ದ ಜಾಗಕ್ಕೆ ಒಂದು ಬೊಗಸೆ ತೌಡು. ಬೊಗಸೆ ತುಂಬುವಾಗ ಹೆಚ್ಚಾದೀತೆಂದು ಒಮ್ಮೆ, ಕಡಿಮೆಯಾದೀತೆಂದು ಒಮ್ಮೆ ಹೆದರುತ್ತಿದ್ದ. ಒಳಗಿರುವುದು, ಇದ್ದರೆ, ಇನ್ನೂ ಎಲ್ಲಿಗೂ ಅಂಟಿಕೊಂಡಿಲ್ಲ, ತೇಲುತ್ತಿದೆ ಎಂಬ ಮಾತು ಅವನನ್ನು ಬಿಡುತ್ತಿರಲಿಲ್ಲ. ಯಾವ ನೆಲಕ್ಕೂ ಬೇರು ಬಿಡದೆ ತೇಲುವುದು ಹೇಗಿರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಂಜೆ ಹಸುವನ್ನು ಹಿಡಿದು ಗುಡ್ಡದ ನೆತ್ತಿಗೆ ನಡೆಸುತ್ತಿದ್ದ. ಹಾದೊಂಗಿನವಳ ಮನೆಯ ಹಿಂದಿನಿಂದಲೇ ದಾರಿ. ಅಲ್ಲಿ ಹಳ್ಳ ದಾಟುವ ಕಲ್ಲೊಂದು ಅಲ್ಲಾಡುತ್ತಿತ್ತು. ಸೂಜಿ ಹಾಕಿಸಿದ ಮೊದಲ ವಾರ ನುರೊಂಗಿ ಅದರ ಮೇಲೆ ಕಾಲಿಟ್ಟು ಜಾರಿ ಮುಗ್ಗರಿಸಿತ್ತು. ಮಾರನೆಯ ದಿನ ಸಲಾಕೆ ತೆಗೆದುಕೊಂಡು ಹೋದರೆ, ಯಾರೋ ಕಲ್ಲಿನ ಕೆಳಗೆ ಚಪ್ಪಡಿ ಚೂರು ಬಡಿದು, ಸುತ್ತ ಜಲ್ಲಿ ತುಂಬಿ ಗಟ್ಟಿ ಮಾಡಿದ್ದರು. ಜೊಂಗ್‌ತೇ ಇರಬೇಕೆಂದು ಅವನು ಅಂದುಕೊಂಡ. ಗುಡ್ಡದ ನೆತ್ತಿಯ ಮೇಲಿಂದ, ಗಾಳಿ ಶುಭ್ರವಿದ್ದ ದಿನ, ದೂರದಲ್ಲಿ ಬೆಳ್ಳಿಯ ಎಳೆಯಂತೆ ಜಲಾಶಯ ಕಾಣುತ್ತಿತ್ತು. ಅದರಡಿಯಲ್ಲಿ ಎಲ್ಲೋ ಒಂದು ಕೊಟ್ಟಿಗೆ, ಒಂದು ಬಾವಿ, ಪೀಚ್ ಮರ. ನುರೊಂಗಿ ಆ ಕಡೆ ನೋಡದೆ ಹುಲ್ಲು ಮೂಸುತ್ತಿತ್ತು. ಇಳಿದು ಬರುವಾಗ ಹಾದೊಂಗಿನವಳ ಅಡುಗೆಮನೆಯಿಂದ ದುಬು ಬೇಯುವ ವಾಸನೆ ಬರುತ್ತಿತ್ತು. ಅವನು ಆ ಗೋಡೆಯ ಪಕ್ಕ ಹೆಜ್ಜೆ ನಿಧಾನಿಸುತ್ತಿದ್ದ, ನಿಲ್ಲುತ್ತಿರಲಿಲ್ಲ.

ಮೂರು ವಾರ ಕಳೆಯಿತು, ಹಸು ಬೆದೆಗೆ ಬಂದು ಕೂಗಲಿಲ್ಲ. ಮೊದಲೂ ಹೀಗೇ ಆಗಿತ್ತಲ್ಲ ಎಂದು ಅವನು ಸಂತೋಷಪಡಲಿಲ್ಲ. ತಿಂಗಳು ಕಳೆಯಿತು. ಎರಡು ಸಲ ಕಳೆದುಹೋದ ಆ ಜಾಗವನ್ನು ದಾಟಿತು. ಹಸು ಮೆಲುಕು ಹಾಕುತ್ತ ಮಲಗಿರುವಾಗ ಅವನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಅದರ ಮುಖ ನೋಡುತ್ತಿದ್ದ. ಅದು ಏನನ್ನೂ ಬಿಟ್ಟುಕೊಡುತ್ತಿರಲಿಲ್ಲ.

ಮೂಲೆಯಲ್ಲಿ ಹಾದೊಂಗಿನವಳ ಬಕೆಟ್ಟು ಹಾಗೇ ಇತ್ತು. ತೊಳೆದು, ಬೂದಿಯಲ್ಲಿ ಉಜ್ಜಿ, ಕವುಚಿ ಇಟ್ಟಿದ್ದ. ಕೊಟ್ಟವರ ಪಾತ್ರೆಯನ್ನು ಖಾಲಿ ಹಿಂತಿರುಗಿಸುವುದುಂಟೇ? ತುಂಬಿಸಿ ಕೊಡಲು ಅವನ ಬಳಿ ಏನೂ ಇರಲಿಲ್ಲ.

ಬಾರ್ಲಿ ಕೊಯ್ಲು ಮುಗಿಯುತ್ತ ಬಂತು. ದಲ್ಲಾಳಿ ಬರುವ ಸಂತೆಯ ಹಿಂದಿನ ದಿನವೇ ನಾಮ್‌ಗುಂಗ್ ಬಂದ. ಭುಜದವರೆಗಿನ ಗವಸು ಏರಿಸಿ, ಹಸುವಿನ ಹಿಂದೆ ನಿಂತು ಕೈ ಹಾಕಿದ. ಕಣ್ಣು ಮುಚ್ಚಿ, ಬೇರೆಲ್ಲಿಂದಲೋ ಬರುವ ಸದ್ದಿಗೆ ಕಿವಿಗೊಟ್ಟವನಂತೆ ಬಹಳ ಹೊತ್ತು ನಿಂತ. ಮಾನ್‌ಗಿಲ್ ಹಸುವಿನ ಕೊಂಬು ಹಿಡಿದುಕೊಂಡು ನೆಲ ನೋಡುತ್ತಿದ್ದ.

"ಇದೆ" ಎಂದ ನಾಮ್‌ಗುಂಗ್. "ಅಂಟ್ಕೊಂಡಿದೆ. ಇನ್ನು ಸುಲಭಕ್ಕೆ ಹೋಗಲ್ಲ."

ಹೆಣ್ಣೋ ಗಂಡೋ ಎಂದು ಮಾನ್‌ಗಿಲ್ ಕೇಳಲಿಲ್ಲ. ಅದು ಚಳಿಗಾಲದ ಮಾತು. ಕೈ ತೊಳೆಯಲು ನೀರು ಹಾಕುವಾಗ ಅವನ ಕಣ್ಣು ಹಸುವಿನ ಮೇಲೇ ಇದ್ದು, ನೀರು ನಾಮ್‌ಗುಂಗ್‌ನ ಬೂಟಿನ ಮೇಲೆಲ್ಲ ಬಿತ್ತು. ನಾಮ್‌ಗುಂಗ್ ಅದನ್ನು ಕಾಣದವನಂತೆ ಆಕಾಶ ನೋಡುತ್ತ, ಈ ಸಲ ಮಳೆ ಬೇಗ ಬರಬಹುದು ಎಂದ.

ಅವನು ಹೋದ ಮೇಲೆ ಮಾನ್‌ಗಿಲ್ ಹಿತ್ತಲಿನ ಆಲೂಗಡ್ಡೆಯ ಮಡಿಗೆ ಇಳಿದ. ಗಡ್ಡೆ ಇನ್ನೂ ಎಳೆಯವು, ಇನ್ನೊಂದು ವಾರ ಬಿಡಬಹುದಿತ್ತು. ಅಗೆದು, ತೊಳೆದು, ಬಕೆಟ್ಟು ತುಂಬಿಸಿ ಹೊರಟ. ಹಿಂದಿನ ದಾರಿಯಿಂದ ಹೋಗಬಹುದಿತ್ತು, ಹೋಗಲಿಲ್ಲ. ಊರ ನಡುವಿನ ದೊಡ್ಡ ಮರದ ಕೆಳಗೆ ಗೂ ಮನೆತನದ ಗಂಡಸರು ಮಧ್ಯಾಹ್ನದ ನೆರಳಿಗೆ ಕೂತಿದ್ದರು. ಹಿಡಿಕೆ ಕಿರ್ರ್ ಕಿರ್ರ್ ಎನ್ನುತ್ತ ಅವರ ಮುಂದೆಯೇ ಹಾದುಹೋಯಿತು.

"ಬಕೆಟ್ಟು ದಿಕ್ಕು ತಪ್ಪಿದೆಯಲ್ಲೋ" ಎಂದ ಜೊಂಗ್‌ತೇ. ಯಾರೋ ನಗಲು ಹೊರಟವರನ್ನು ಅವನೇ ಮೊಣಕೈಯಲ್ಲಿ ತಿವಿದು, "ಆಟ ನೋಡು, ಆಟ. ನಿನ್ನ ಕಾಯಿ ಹೋಗ್ತಿದೆ" ಎಂದು ಚದುರಂಗದ ಹಲಗೆಯತ್ತ ತಿರುಗಿಸಿದ.

ಹಾದೊಂಗಿನವಳು ಅಂಗಳದ ಜಗಲಿಯಲ್ಲಿ ಕೂತು ಮೊಳಕೆ ಕಾಳಿನ ಬಾಲ ಮುರಿಯುತ್ತಿದ್ದಳು. ಬಕೆಟ್ಟು ನೋಡಿದಳು, ಅವನನ್ನು ನೋಡಲಿಲ್ಲ.

"ತಿಪ್ಪೆಗೆ ಚರಟ ಸಾಲದೆ ಬಂತೇನೋ."

ಅವನು ನಿಂತೇ ಹೇಳಿದ. ನಾಮ್‌ಗುಂಗ್ ಹೇಳಿದ್ದು, ನಿಂತು ಉಳಿಯದೆ ಹೋದ ಎರಡು ಕರುಗಳದ್ದು, ಒಂದು ಬೊಗಸೆಯ ಅಳತೆಯದ್ದು, ತಾನು ಚಳಿಗಾಲವೆಲ್ಲ ಕುಡಿದ ಚರಟದ ಸಾರಿನದ್ದು, ಇವತ್ತು ಸಿಕ್ಕ ಸುದ್ದಿಯದ್ದು, ಎಲ್ಲವನ್ನೂ. ಅಷ್ಟು ಮಾತು ಅವನು ಒಟ್ಟಿಗೆ ಆಡಿ ವರ್ಷಗಳಾಗಿದ್ದವು. ನಡುನಡುವೆ ದನಿ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಅವಳ ಕೈ ಕಾಳಿನ ಮೇಲೆ ನಿಂತುಹೋಗಿತ್ತು.

"ಇಷ್ಟನ್ನ ಆವಾಗ್ಲೇ ಹೇಳೋಕೆ ಏನಾಗಿತ್ತು ನಿಮಗೆ?" ಎಂದಳು. "ಅತಿಯಾದ್ರೆ ಅಮೃತಾನೂ ವಿಷ ಅಂತ ನನಗೆ ತಿಳಿಯಲ್ವಾ? ನಾನೇನು ಮಗುವಾ?"

"ಹೇಳಿದ್ರೆ ನೀವು ಬರೋದು ನಿಂತುಹೋಗ್ತಿತ್ತು."

ಅಂಗಳದ ಮೂಲೆಯ ಗೂಡಿನಲ್ಲಿ ಹಂದಿ ಗುರುಗುಟ್ಟಿತು. ಅವನ ಕಣ್ಣು ಆ ಕಡೆ ಹೋಯಿತು. ದುಂಡಗೆ, ಕೆಂಪಗೆ, ಹೊಟ್ಟೆ ನೆಲಕ್ಕೆ ತಾಗುವಂತಿತ್ತು. ಅದರ ತೊಟ್ಟಿಯಲ್ಲಿ ಬೆಳ್ಳನೆಯ ಚರಟ.

"ನೋಡಿ, ಹೆಂಗಾಗಿದೆ ಈಗ" ಎಂದಳು ಹಾದೊಂಗಿನವಳು, ಕಾಳಿನ ಬಾಲ ಮತ್ತೆ ಮುರಿಯತೊಡಗಿ. "ಹೋದ ವರ್ಷ ಪಾಪದ್ದು, ಬರೀ ಪಾತ್ರೆ ತೊಳೆದ ನೀರು ಕುಡ್ಕೊಂಡಿತ್ತು. ಚರಟ ಎಲ್ಲ ಬೀದಿ ದಾಟಿ ಹೋಗ್ತಿತ್ತಲ್ಲ."

ಜೊಂಗ್‌ತೇ ಹುಣ್ಣಿಮೆಯಂದು ಆಡಿದ ಮಾತು ಮಾನ್‌ಗಿಲ್‌ಗೆ ಈಗ ತಲುಪಿತು. ಮನೆಯಲ್ಲಿ ಹಂದಿ ಇಟ್ಟುಕೊಂಡು ಚರಟವನ್ನು ಪಕ್ಕದ ಬೀದಿಗೆ ಹೊತ್ತು ತರುವವರಿಲ್ಲ. ಅವಳಿಗೂ ಬೆಳಗಿನಲ್ಲಿ ಹೋಗಲು ಒಂದು ಕಡೆ ಬೇಕಿತ್ತು. ಅವಳು ಎದ್ದು ಆಲೂಗಡ್ಡೆಯನ್ನು ಬುಟ್ಟಿಗೆ ಸುರಿದುಕೊಂಡು, ಎಳೆಯವನ್ನೇ ಅಗೆದುಬಿಟ್ಟಿದ್ದೀರಿ ಎಂದು ಸಣ್ಣದಾಗಿ ಬೈದು, ಬಕೆಟ್ಟನ್ನು ಒಳಗೆ ತೆಗೆದಿಟ್ಟಳು. ಇನ್ನು ಅದಕ್ಕೆ ಅವನ ಮನೆಯಲ್ಲಿ ಕೆಲಸವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವನು ಹೊರಡಲು ತಿರುಗಿದಾಗ ಒಳಗಿನಿಂದಲೇ ಕೇಳಿದಳು:

"ಹಳ್ಳದ ಕಲ್ಲು ಈಗ ಅಲ್ಲಾಡಲ್ಲ ತಾನೆ?"

ಕಲ್ಲಿನಡಿ ಚಪ್ಪಡಿ ಬಡಿದದ್ದು ಜೊಂಗ್‌ತೇ ಅಲ್ಲವೆಂದು ಅವನಿಗೆ ಆಗ ಹೊಳೆಯಿತು. "ಇಲ್ಲ. ಗಟ್ಟಿ ಇದೆ" ಎಂದ.

ಮಾರನೆಯ ಬೆಳಿಗ್ಗೆ ಹಿಡಿಕೆಯ ಸದ್ದು ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದರೂ ಅವನು ಹಾಸಿಗೆಯಲ್ಲೇ ಕಿವಿಗೊಟ್ಟು ಮಲಗಿದ್ದ. ಆಮೇಲೆ ಎದ್ದು ಹಂಡೆಯ ಬೆಂಕಿ ಊದಿ, ಬೇಯಿಸಿ, ಅಳೆದು, ಗೋದಲಿಗೆ ಹಾಕಿ, ಒಂದು ಬೊಗಸೆ ತೌಡು ಉದುರಿಸಿದ. ಕರು ಬರುವುದು ಚಳಿಗಾಲಕ್ಕೆ. ಅಲ್ಲಿಯವರೆಗೆ ಎಷ್ಟೊಂದು ಬೆಳಗುಗಳಿವೆ ಎಂದುಕೊಳ್ಳುತ್ತ ಸಗಣಿ ಬಾಚತೊಡಗಿದ.

ಬೇಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು. ಹಾದೊಂಗಿನವಳು ನಿಂತಿದ್ದಳು. ಎರಡು ಕೈಗಳನ್ನೂ ಮುಂಗವಸಿನಡಿ ಸುತ್ತಿಕೊಂಡಿದ್ದಳು, ಅವನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ. ಬೀದಿಯ ಎರಡೂ ಕಡೆ ಒಮ್ಮೆ ನೋಡಿ, ಒಳಗೆ ಕಾಲಿಟ್ಟಳು.

"ಇವತ್ತು ಏನೂ ತಂದಿಲ್ಲ" ಎಂದಳು.

ಮಾನ್‌ಗಿಲ್ ಹುಲ್ಲು ಕತ್ತರಿಸುವಾಗ ಕೂರುವ ದಿಮ್ಮಿಯನ್ನು ತೋಳಿನಿಂದ ಒರೆಸಿ ಅವಳತ್ತ ಸರಿಸಿದ. ನುರೊಂಗಿ ತಲೆ ಎತ್ತಿ ಅವಳ ಕೈಗಳನ್ನು ಹುಡುಕಿ, ಒಂದೊಂದಾಗಿ ಮೂಸಿ, ಏನೂ ಸಿಗದೆ ಅಂಗೈಯನ್ನೇ ಒಮ್ಮೆ ನೆಕ್ಕಿ, ಮತ್ತೆ ತನ್ನ ಹುಲ್ಲಿಗೆ ತಿರುಗಿತು.